ಅರಮನೆಯೊಳಗಿನ ಆಲದ ಮರ

ಕರ್ನಾಟಕದ ಅತ್ಯಂತ ಕೆಟ್ಟ ನಟನಿಗೆ ಅಂತ ಯಾರಾದರೂ ಒಂದು ಪ್ರಶಸ್ತಿ ಇಟ್ಟರೆ ಅದು ನೆಟ್ಟಗೆ ನಮ್ಮ ಸೋದರಮಾವನ ಮನೆಗೇ ಬರುತ್ತದೆ. ಅದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ. ನನ್ನ ಚಿಂತೆಯೇ ಬೇರೆ. ಪ್ರಶಸ್ತಿ ತೆಗೆದುಕೊಂಡು ಎರಡು ಮಾತಾಡಿ ಅನ್ನುತ್ತಾರಲ್ಲ, ಮಾವ ಒಂದು ಮಾತಾಡಿ ಎರಡನೆಯದನ್ನು ಮರೆತು ನಿಂತರೆ ಏನು ಮಾಡುವುದು?

ಮರೆವು ಅಂದೆ ಅಂತ ತಪ್ಪು ತಿಳಿಯಬೇಡಿ. ರಂಗದಿಂದ ಕೆಳಗಿಳಿದರೆ ಮಾವನ ಜ್ಞಾಪಕಶಕ್ತಿ ಭಯಂಕರ! ನನ್ನ ಮದುವೆಗೆ ಯಾರು ಬರಿಗೈಲಿ ಬಂದು ಮತ್ತೆ ಮತ್ತೆ ಹೋಳಿಗೆ ಬಡಿಸಿಕೊಂಡರು ಅನ್ನುವುದು ಅವರಿಗೆ ಇವತ್ತಿಗೂ ನೆನಪಿದೆ. ಗಾಂಧಿ ಬಜಾರಿನ ಹೂವಿನವಳಿಗೆ, "ಹೋದ ವರಮಹಾಲಕ್ಷ್ಮಿ ಹಬ್ಬಕ್ಕೂ ನೀನು ಇದೇ ಮಾತು ಹೇಳಿದ್ದೆ ಕಣಮ್ಮ, ನಿಮಗೆ ಅಂತ ಕಮ್ಮಿ ಮಾಡಿದೀನಿ ಅಂತ" ಎಂದು ಜ್ಞಾಪಿಸುತ್ತಾರೆ. ಶಾಲೆಯಲ್ಲಿ ನನ್ನ ಗಣಿತದ ಅಂಕಗಳು ಕೂಡ ಅವರಿಗೆ... ಅದು ಬಿಡಿ. ಇಂಥವರು ತಲೆಗೆ ಕಿರೀಟ ಇಟ್ಟುಕೊಂಡರೆ ಸಾಕು, "ಎಲೈ ಮಂತ್ರಿಯೇ, ನಮ್ಮ ರಾಜ್ಯದಲ್ಲಿ..." ಎಂದು ಶುರು ಮಾಡಿ ನಿಂತುಬಿಡುತ್ತಾರೆ. ರಾಜ್ಯದಲ್ಲಿ ಏನು? ಮಳೆಯೇ, ಬೆಳೆಯೇ, ದಂಗೆಯೇ? ಪಾಪ, ರಾಜನಿಗೇ ಗೊತ್ತಿಲ್ಲ. ರಂಗ ಕಂಡರೆ ಹೆದರಿಕೆ ಇರಬೇಕು ಅಂತ ನಮ್ಮ ನೆಂಟರಿಷ್ಟರು ತೀರ್ಮಾನಿಸಿದ್ದಾರೆ.

ಹಾಗಿದ್ದರೆ ಯಾವಾಗಲೂ ಅವರೇ ಯಾಕೆ ರಾಜ? ಯಾಕೆಂದರೆ ನಾಟಕದ ಸಂಘ ಅವರದು. ಚಾಮರಾಜಪೇಟೆಯ ಒಂದು ಹಿಟ್ಟಿನ ಗಿರಣಿಯ ಮೇಲಿನ ಬಾಡಿಗೆ ಕೋಣೆಯಲ್ಲಿ ಅದು ಹೇಗೋ ಉಸಿರಾಡಿಕೊಂಡಿದೆ. ಕಿರೀಟವೂ ಅವರದೇ ತಲೆಯ ಅಳತೆಗೆ ಮಾಡಿಸಿದ್ದು. ಅಲ್ಲಿ ರಿಹರ್ಸಲ್ ಮುಗಿಸಿ ಇಳಿದು ಬರುವ ರಾಜ, ರಾಣಿ, ಸೇನಾಪತಿ ಎಲ್ಲರ ತಲೆಯ ಮೇಲೂ ಒಂದು ಪದರ ರಾಗಿ ಹಿಟ್ಟು ಇರುತ್ತದೆ.

ಮರೆಯುವ ರಾಜನಿಗೆ ನೆನಪಿಸುವವರೊಬ್ಬರು ಬೇಕಲ್ಲ? ಅವರೇ ನಮ್ಮ ಪ್ರಾಂಪ್ಟರ್ ಹನುಮಂತಪ್ಪನವರು. ಮಾವನ ಬಾಲ್ಯದ ಗೆಳೆಯ. ಸುಲ್ತಾನ್‌ಪೇಟೆಯ ಲಗ್ನಪತ್ರಿಕೆಯ ಪ್ರೆಸ್ಸೊಂದರಲ್ಲಿ ತಪ್ಪು ತಿದ್ದುವ ಕೆಲಸದಲ್ಲಿದ್ದರು. ಜನ ಫೋನಿನಲ್ಲೇ ಮದುವೆಗೆ ಕರೆಯುವುದನ್ನು ಕಲಿತ ಮೇಲೆ ಪ್ರೆಸ್ಸು ಮುಚ್ಚಿತು. ಹೆಂಡತಿಯೂ ತೀರಿಹೋಗಿ ಈಗ ಮಾವಳ್ಳಿಯಲ್ಲಿ ಒಬ್ಬರೇ ಇದ್ದಾರೆ. ಸಂಘ ಕೊಡುವ ಗೌರವಧನವೇ ಅವರ ಕೈಖರ್ಚು. ಮಹಾ ಸ್ವಾಭಿಮಾನಿ! ಯಾರ ಮನೆಯಲ್ಲಾದರೂ ಕಾಫಿ ಕುಡಿದರೆ ಲೋಟ ತೊಳೆದು ಬೋರಲು ಹಾಕಿಯೇ ಹೊರಡುವವರು. ಪರದೆಯ ಹಿಂದೆ ನಿಂತು ಅವರು ಪಿಸುಗುಟ್ಟಿದರೆ ಕೊನೇ ಸಾಲಿನವರಿಗೂ ಕೇಳುತ್ತದೆ. ನಮ್ಮ ಪ್ರೇಕ್ಷಕರು ಪ್ರತಿ ಮಾತನ್ನೂ ಮೊದಲು ಅವರ ಬಾಯಲ್ಲಿ, ಆಮೇಲೆ ರಾಜನ ಬಾಯಲ್ಲಿ ಕೇಳಿಸಿಕೊಂಡು ಕೃತಾರ್ಥರಾಗುತ್ತಾರೆ.

ಇಂಥ ಸಂಘ ನಡೆಯುವುದು ಅನುದಾನದಿಂದ. ಸಂಘದಲ್ಲಿ ಕಂಪ್ಯೂಟರ್ ಬಲ್ಲವಳು ನಾನೊಬ್ಬಳೇ ಆದ್ದರಿಂದ ಅರ್ಜಿ ತುಂಬುವ ಪುಣ್ಯ ನನ್ನದು. ಒಮ್ಮೆ, "ನಿಮ್ಮ ನಾಟಕದಿಂದ ಸಮಾಜದಲ್ಲಿ ಆಗುವ ಬದಲಾವಣೆ ಏನು?" ಎಂಬ ಪ್ರಶ್ನೆ ಬಂತು. ಮಾವ ಕಣ್ಣುಮುಚ್ಚಿ ಯೋಚಿಸಿದರು. "ಅಷ್ಟು ಹೊತ್ತು ನಮ್ಮ ಬೀದೀಲಿ ಟೀವಿ ಆಫ್ ಆಗಿರತ್ತೆ ಅಂತ ಬರಿ" ಅಂದರು. ನಾನು ಹಾಗೆಯೇ ಬರೆದೆ, ಅನುದಾನ ಬರಲಿಲ್ಲ.

ಇನ್ನೊಮ್ಮೆ ಪ್ರೇಕ್ಷಕರು ತುಂಬಿದ ಸಭಾಂಗಣದ ಫೋಟೋ ಕೇಳಿದರು. ನಮ್ಮ ಸಭಾಂಗಣ ತುಂಬುವುದು ಕಾಫಿಯ ಹೊತ್ತಿಗೆ ಮಾತ್ರ! ಕಾಫಿಯ ಡ್ರಮ್ ಇರುವುದು ಹಿಂದುಗಡೆ. ಹಾಗಾಗಿ ಫೋಟೋದಲ್ಲಿ ಎಲ್ಲರೂ ರಂಗಕ್ಕೆ ಬೆನ್ನು ಹಾಕಿ ಭಕ್ತಿಯಿಂದ ನಿಂತಿದ್ದರು. "ಇದೇನ್ ಸಾರ್, ಯಾರೂ ನಾಟಕದ ಕಡೆ ನೋಡ್ತಾನೇ ಇಲ್ವಲ್ಲ?" ಎಂದು ಅಧಿಕಾರಿ ಕೇಳಿದರು.

"ಅದು ಹೊಸ ಪ್ರಯೋಗ ಸಾರ್" ಅಂದರು ಮಾವ.

ಆ ವರ್ಷ ಬಂತು! ಅನುದಾನದ ಲೀಲೆ ಯಾರಿಗೆ ಅರ್ಥವಾಗುತ್ತದೆ ಹೇಳಿ?

ಈ ವರ್ಷ ಮಾತ್ರ ಪರಿಸ್ಥಿತಿ ಬಿಗಡಾಯಿಸಿತು. ಬರುತ್ತಿದ್ದ ಅನುದಾನಗಳೆಲ್ಲ ನಿಂತವು. ಉಳಿದದ್ದು ಸಣ್ಣ ಕಲಾಸಂಸ್ಥೆಗಳಿಗೆ ನೆರವು ಕೊಡುವ ಒಂದು ಖಾಸಗಿ ಟ್ರಸ್ಟು. ಅದೂ ಕೈಕೊಟ್ಟರೆ ಸಂಘದ ಬಾಗಿಲು ಮುಚ್ಚಬೇಕು, ಹನುಮಂತಪ್ಪನವರು ಮಾವಳ್ಳಿಯಲ್ಲೇ ಕೂರಬೇಕು. ಟ್ರಸ್ಟಿನಿಂದ ಬಂದ ಮೇಡಂ ಒಳ್ಳೆಯವರೇ. ಗಿರಣಿಯ ಮೆಟ್ಟಿಲು ಹತ್ತಿ ಬಂದು, ನಾವು ಕೊಟ್ಟ ಖರ್ಚಿನ ವಿವರ ನೋಡಿ ಒಂದು ಕಡೆ ಬೆರಳಿಟ್ಟರು.

"ಈ ಪ್ರಾಂಪ್ಟರ್ ಖರ್ಚು ಕೊಡಕ್ಕಾಗಲ್ಲ ಸಾರ್. ಸ್ಟೇಜ್ ಮೇಲೆ ಕಾಣಿಸ್ಕೊಳ್ಳೋ ಕಲಾವಿದರಿಗೆ ಮಾತ್ರ ನಮ್ಮಲ್ಲಿ ಗೌರವಧನ. ನೀವೆಲ್ಲ ಮಾತು ಬಾಯಿಪಾಠ ಮಾಡ್ಕೊಂಡ್ಬಿಟ್ರೆ ಇದು ಉಳಿಯತ್ತಲ್ಲ?"

"ಉಳಿಯತ್ತೆ. ಅದೇ ತೊಂದ್ರೆ" ಅಂದರು ಮಾವ. ಆಮೇಲೆ ಗಡ್ಡ ಕೆರೆದುಕೊಂಡು, "ಅವರೂ ಸ್ಟೇಜ್ ಮೇಲೆ ಕಾಣಿಸ್ಕೊಂಡ್ರೆ?" ಎಂದು ಕೇಳಿದರು.

"ಆಗ ಕೊಡಬಹುದು. ನಾಟಕಕ್ಕೆ ನಾನೇ ಬಂದು ನೋಡ್ತೀನಿ."

ಮೇಡಂ ಮೆಟ್ಟಿಲಿಳಿಯುವುದರೊಳಗೆ ಮಾವ ಹನುಮಂತಪ್ಪನವರನ್ನು ಮರ ಮಾಡಿಯಾಗಿತ್ತು. ಹೌದು, ಆಲದ ಮರ! ರಟ್ಟಿನ ಕಾಂಡ, ಗೋಣಿಯ ಬಿಳಲು, ನಮ್ಮ ಅತ್ತೆಯ ಹಸಿರು ಕ್ರೇಪ್ ಸೀರೆ ಕತ್ತರಿಸಿ ಎಲೆ. ಕಾಂಡದಲ್ಲಿ ಒಂದು ಪೊಟರೆ, ಪೊಟರೆಯೊಳಗೆ ಹನುಮಂತಪ್ಪನವರ ಕನ್ನಡಕ ಮತ್ತು ನಾಟಕದ ಪುಸ್ತಕ. "ಅರಮನೆ ಒಳಗೆ ಆಲದ ಮರ ಎಲ್ಲಾದ್ರೂ ಉಂಟಾ ಮಾವ?" ಎಂದು ಕೇಳಿದೆ. "ರಾಜಂಗೆ ಇಷ್ಟ ಆದ್ರೆ ಉಂಟು. ನೀನ್ಯಾರೇ ಕೇಳಕ್ಕೆ?" ಎಂದು ಬಾಯಿ ಮುಚ್ಚಿಸಿದರು.

ನಾಟಕದ ದಿನ ಬಂತು. ಮೇಡಂ ಮುಂದಿನ ಸಾಲಿನಲ್ಲಿ ಕೂತರು. ದರ್ಬಾರಿನಲ್ಲಿ ಸಿಂಹಾಸನದ ಪಕ್ಕ ಮರ ನಿಂತಿತ್ತು. ರಾಜ ಅಂತಃಪುರಕ್ಕೆ ಹೋದರೆ ಮರವೂ ಪುಟ್ಟ ಪುಟ್ಟ ಹೆಜ್ಜೆ ಇಡುತ್ತಾ ಹಿಂದೆಯೇ ಹೋಯಿತು. ಶತ್ರುಗಳು ರಾಜನನ್ನು ಸೆರೆಮನೆಗೆ ಹಾಕಿದಾಗಂತೂ ಮರವೂ ಒಳಗೆ ಹೋಗಿ ನಿಂತಿತು. "ಅಮ್ಮಾ, ಮರ ಏನ್ ತಪ್ಪು ಮಾಡ್ತು?" ಎಂದು ಒಂದು ಮಗು ಜೋರಾಗಿ ಕೇಳಿ ಸಭೆಯೆಲ್ಲ ನಕ್ಕಿತು. ಪರದೆಯ ಪಕ್ಕ ನಿಂತಿದ್ದ ನಾನು ಮೇಡಂ ಮುಖ ನೋಡುವ ಧೈರ್ಯವನ್ನೇ ಮಾಡಲಿಲ್ಲ.

ಕೊನೆಯ ದೃಶ್ಯದಲ್ಲಿ ರಾಜ ರಾಜ್ಯವನ್ನು ಬಿಟ್ಟುಕೊಟ್ಟು ಹೊರಡಬೇಕು. ಉದ್ದನೆಯ ಮಾತು. "ಪ್ರಜೆಗಳೇ, ಈ ಕಿರೀಟ..." ಎಂದ ಮಾವ ಎಂದಿನಂತೆ ನಿಂತರು. ಮರ ಮಾತಾಡಲಿಲ್ಲ. ಕನ್ನಡಕ ಜಾರಿ ಕಾಂಡದೊಳಗೆ ಬಿದ್ದಿತ್ತು! ಆಲದ ಮರ ಬಗ್ಗಿ ತನ್ನ ಬುಡವನ್ನೇ ತಡಕಾಡತೊಡಗಿತು. ರಾಣಿ ಪಾಪ, ಹೊತ್ತು ತುಂಬಿಸಲು ಇನ್ನೊಂದು ಸುತ್ತು ಅತ್ತಳು. ಹೋಯಿತು, ಅನುದಾನವೂ ಹೋಯಿತು, ಸಂಘವೂ ಹೋಯಿತು ಅಂದುಕೊಂಡೆ. "ಏನಾದ್ರೂ ಹೇಳಿ ಮಾವ!" ಎಂದು ಪಕ್ಕದಿಂದಲೇ ಹಲ್ಲು ಕಡಿದೆ. ಮಾವ ಅಲ್ಲಾಡಲಿಲ್ಲ. ಮರದ ಕಡೆಗೇ ನೋಡುತ್ತಾ, ಯಾವ ಅವಸರವೂ ಇಲ್ಲದೆ ನಿಂತಿದ್ದರು. ಕೊನೆಗೂ ಕನ್ನಡಕ ಸಿಕ್ಕಿತು, ಮರ ನೆಟ್ಟಗಾಯಿತು, "ಈ ಕಿರೀಟ ನನ್ನದಲ್ಲ, ನಿಮ್ಮದು" ಎಂದಿತು. ರಾಜ ಹಾಗೆಯೇ ಅಂದ. ಮರ ಹೇಳಿಕೊಟ್ಟಂತೆ ಉಳಿದ ಮಾತೂ ಮುಗಿದು ಪರದೆ ಬಿತ್ತು.

ಅನುದಾನ ಬಂತು! ಕಲೆಗಲ್ಲ, ಪರಿಸರ ಜಾಗೃತಿಗೆ. ಮರವನ್ನು ಕಥೆಯ ನಡುವೆ ನಿಲ್ಲಿಸಿದ್ದು ಟ್ರಸ್ಟಿನವರ ಮನಸ್ಸಿಗೆ ಬಹಳ ತಟ್ಟಿತಂತೆ.

ಸುದ್ದಿ ಹೇಳಲು ಬೆಳಿಗ್ಗೆಯೇ ಮಾವನ ಮನೆಗೆ ಓಡಿದೆ. ಮಾವ ಸ್ನಾನಕ್ಕೆ ಹೋಗಿದ್ದರು. ಬಚ್ಚಲುಮನೆಯಿಂದ ಗಂಭೀರವಾದ ಧ್ವನಿ ಬರುತ್ತಿತ್ತು. "ಪ್ರಜೆಗಳೇ, ಈ ಕಿರೀಟ ನನ್ನದಲ್ಲ, ನಿಮ್ಮದು..." ಅಲ್ಲಿಂದ ಕೊನೆಯವರೆಗೆ ಆ ಉದ್ದನೆಯ ಮಾತು ಪೂರ್ತಿ ಬಂತು. ಒಂದು ಅಕ್ಷರ ತಪ್ಪಲಿಲ್ಲ, ಎಲ್ಲೂ ತಡವರಿಸಲಿಲ್ಲ. ಆಮೇಲೆ ರಾಣಿಯ ಮಾತು, ಮಂತ್ರಿಯ ಮಾತು! ನಾನು ಬಾಯಿ ಬಿಟ್ಟುಕೊಂಡು ಅತ್ತೆಯ ಮುಖ ನೋಡಿದೆ.

"ದಿನಾ ಇದೇ ಕಣೇ" ಅಂದರು ಅತ್ತೆ. "ಬಿಸಿನೀರು ಖಾಲಿ ಆಗೋವರೆಗೂ ರಾಜ್ಯ ಬಿಟ್ಕೊಡ್ತಾನೇ ಇರ್ತಾರೆ."

ತಲೆ ಒರೆಸಿಕೊಳ್ಳುತ್ತಾ ಬಂದ ಮಾವ ನನ್ನನ್ನು ಕಂಡು ಕಳ್ಳನಂತೆ ನಿಂತರು.

"ಮಾವ, ನಿಮಗೆ ಎಲ್ಲಾ ಬಾಯಿಪಾಠ ಇದೆ!"

"ಮೆಲ್ಲಗೆ ಮಾತಾಡೇ" ಎಂದು ಬಾಗಿಲ ಕಡೆ ನೋಡಿದರು. "ಹನುಮಂತ ಬರೋ ಹೊತ್ತು. ಸುಮ್ನೆ ಕೊಟ್ರೆ ಅವನು ತಗೊಳ್ಳಲ್ಲ. ನಂಗೆ ಮಾತು ಬರತ್ತೆ ಅಂತ ಗೊತ್ತಾದ್ರೆ ನಾಳೆಯಿಂದ ಈ ಕಡೆ ತಲೇನೂ ಹಾಕಲ್ಲ. ಆಮೇಲೆ ಆ ಮಾವಳ್ಳಿ ಕೋಣೇಲಿ ಒಬ್ನೇ ಕೂತ್ಕೊಂಡು ಏನ್ ಮಾಡ್ತಾನೆ?"

ಇಷ್ಟು ವರ್ಷ ಊರೆಲ್ಲ ಕೆಟ್ಟ ನಟ ಅಂತ ನಗುವಾಗ ಈ ಮನುಷ್ಯ ನಮ್ಮೆಲ್ಲರ ಮುಂದೆ ಎಂಥ ನಟನೆ ಮಾಡಿಕೊಂಡು ಬಂದಿದ್ದರು!

ಗೇಟು ಕಿರುಗುಟ್ಟಿತು. ಹನುಮಂತಪ್ಪನವರು ಬಂದರು. "ಬಾರೋ ಬಾ" ಅಂದರು ಮಾವ. "ಮುಂದಿನ ನಾಟಕದಲ್ಲಿ ಮೊದಲನೇ ಅಂಕ ಸ್ವಲ್ಪ ಗಟ್ಟಿಯಾಗಿ ಹೇಳ್ಕೊಡು ಮಾರಾಯ, ತಲೇಲಿ ನಿಲ್ತಾನೇ ಇಲ್ಲ."

"ನಾನಿಲ್ದಿದ್ರೆ ನಿನ್ನ ಗತಿ ಏನೋ?" ಎಂದು ಹನುಮಂತಪ್ಪನವರು ಬಹಳ ಸಂತೋಷದಿಂದ ಬೈದು, ಅತ್ತೆಯ ಕೈಯಿಂದ ಕಾಫಿ ಲೋಟ ತೆಗೆದುಕೊಂಡರು.

ಮುಂದಿನ ನಾಟಕದಲ್ಲೂ ಆಲದ ಮರ ಇದೆ. ನನಗೂ ಒಂದು ಪಾತ್ರ ಕೊಟ್ಟಿದ್ದಾರೆ, ರಾಣಿಯ ಸಖಿ. "ಅಮ್ಮಾ, ಮಹಾರಾಜರು ಬರುತ್ತಿದ್ದಾರೆ" ಅನ್ನುವ ಒಂದೇ ಒಂದು ಮಾತು. ಮೊನ್ನೆ ರಿಹರ್ಸಲ್ಲಿನಲ್ಲಿ, "ಅಮ್ಮಾ..." ಎಂದು ಶುರು ಮಾಡಿ ನಿಂತೆ, ಮರದ ಕಡೆ ನೋಡಿದೆ.