ಶರಬತ್ತಿನ ಬಾಟಲಿಯ ವಿಲೇವಾರಿ

"ಅಮ್ಮಾ, ಅಜ್ಜಿಯ ಡೇಟ್ ಮುಗಿದಿದೆಯಾ?"

ಕೇಳಿದ್ದು ಐದು ವರ್ಷದ ನನ್ನ ಮಗಳು ಧನ್ಯಾ. ಅದೂ ಅಜ್ಜಿಯ, ಅಂದರೆ ನನ್ನ ಅತ್ತೆ ವೀರಮ್ಮನವರ, ಎದುರಿಗೇ. ಅತ್ತೆ ಬಿಡಿಸುತ್ತಿದ್ದ ಅವರೆಕಾಯಿ ಕೆಳಗಿಟ್ಟು ನನ್ನನ್ನು ನೋಡಿದರು. ನೆಲ ಬಾಯಿಬಿಡಬಾರದೇ ಅನ್ನಿಸಿತು. (ಶಿಕಾರಿಪುರದ ನಮ್ಮ ಬಾಡಿಗೆ ಮನೆಯ ಟೈಲ್ಸ್ ಬಹಳ ಗಟ್ಟಿ, ಬಿಡಲಿಲ್ಲ.)

ತಪ್ಪು ನನ್ನದೇ. ಬೆಳಿಗ್ಗೆಯಿಂದ ಮನೆಯ ಮಾತ್ರೆ, ಸಿರಪ್ಪುಗಳನ್ನೆಲ್ಲ ಹರವಿಕೊಂಡು, ಮಗಳಿಂದ ಅಂಕಿ ಓದಿಸುತ್ತಾ, "ಡೇಟ್ ಮುಗಿದಿದ್ದು ವಿಷ, ಮುಗಿಯದೇ ಇದ್ದದ್ದು ತಿನ್ನಬಹುದು" ಎಂದು ಪಾಠ ಮಾಡಿದ್ದೆ. ಕಾರಣವೂ ಇತ್ತು. ಹಿಂದಿನ ದಿನ ಅವಳು "ಶರಬತ್ತು ಮಾಡಿಕೊಡು" ಎಂದು ಮಂಚದ ಕೆಳಗಿಂದ ಒಂದು ಬಾಟಲಿ ಎಳೆದು ತಂದಿದ್ದಳು. ಒಳಗಿದ್ದದ್ದು ಗೆದ್ದಲಿನ ಔಷಧಿ! ಅತ್ತೆ ಹೊಸಬಾಳೆಯ ಅಣ್ಣನ ಮನೆಯಿಂದ ಬಗ್ಗಿಸಿಕೊಂಡು ತಂದದ್ದು.

"ಹೊಲದ ಔಷಧಿನ ಶರಬತ್ತಿನ ಬಾಟಲಿಗೆ ಹಾಕ್ತಾರಾ ಅತ್ತೆ?"

"ಬಾಟ್ಲಿ ಗಟ್ಟಿ ಐತಿ ಅಂತ ಹಾಕೀನವ್ವ. ಹಿತ್ತಲಾಗ ಹೂತುಬಿಡು, ಮುಗೀತು."

"ಪಕ್ಕದಲ್ಲೇ ಬೋರ್‌ವೆಲ್ ಇದೆ!"

"ಬಚ್ಚಲ ಒಲೆಗೆ ಹಾಕು" ಎಂದರು ನನ್ನ ಪತಿದೇವರು ಸಿದ್ಧಲಿಂಗೇಶ್, ಪೇಪರಿನಿಂದ ತಲೆ ಎತ್ತದೆ.

"ಹಾಕ್ತೀನ್ರೀ. ಹೊಗೆ ಕುಡಿಯೋಕೆ ನೀವೂ ಅಲ್ಲೇ ಕೂತಿರಿ."

ಹಳೇ ಮಾತ್ರೆಗಳನ್ನು ಹೇಗೋ ಮೆಡಿಕಲ್ ಶಾಪಿನವರು ತೆಗೆದುಕೊಂಡರು. ಉಳಿದದ್ದು ಆ ಬಾಟಲಿ. ಕಸದ ಆಟೋದ ಲೋಕಮ್ಮನನ್ನು ಕೇಳಿದೆ.

"ನಮ್ಮ ಗಾಡಿಗೆ ಬ್ಯಾಡ್ರೀ ಅಕ್ಕಾರ. ಶನಿವಾರ ಇದಕ್ಕಂತಲೇ ಬೇರೆ ಗಾಡಿ ಬರ್ತೈತಿ. ಅಲ್ಲಿ ಗಂಟ ಮಕ್ಕಳ ಕೈಗೆ ಸಿಗದಂಗ ಬೀಗ ಹಾಕಿಡ್ರಿ."

ನಮ್ಮ ಮನೆಯಲ್ಲಿ ಬೀಗವಿರುವುದು ಅತ್ತೆಯ ಟ್ರಂಕಿಗೆ ಮಾತ್ರ. ಅದರ ಕೀ ಅವರ ಸೊಂಟದಲ್ಲಿ.

"ನನ್ನ ಟ್ರಂಕಿನಾಗ ಇಡು" ಎಂದರು, ಪಾಪ.

"ನೀವು ಇಟ್ಟಿದ್ದು ಸಾಕು ಅತ್ತೆ" ಎಂದೆ ನಾನು, ಗೃಹರಕ್ಷಣಾ ಮಂತ್ರಿಣಿಯ ಗತ್ತಿನಲ್ಲಿ.

ಬಾಟಲಿಯ ಮುಚ್ಚಳ ಬೇರೆ ಸೋರುತ್ತಿತ್ತು. ಚೀಲದಲ್ಲಿ ಸುತ್ತಿ, ಮನೆಯಲ್ಲಿದ್ದ ಅತಿ ಬಿಗಿ ಮುಚ್ಚಳದ ತಗಡಿನ ಡಬ್ಬಿಯೊಳಗೆ ಇಳಿಸಿದೆ. ಮೇಲೆ ಕೆಂಪಕ್ಷರದಲ್ಲಿ 'ಅಪಾಯ' ಎಂದು ಬರೆದೆ. ಗಾಡಿ ಬರುವ ದಿನ ಮರೆತೀತೆಂದು ಶನಿವಾರದ ತಾರೀಖನ್ನೂ ದಪ್ಪಗೆ ಬರೆದೆ. ಅಡುಗೆಮನೆಯ ಮೇಲಿನ ಶೆಲ್ಫಿನಲ್ಲಿಟ್ಟು, ನಾಲ್ಕು ದಿನ ತಲೆಯೆತ್ತಿ ಓಡಾಡಿದೆ.

ಇವತ್ತು ಶುಕ್ರವಾರ. ಬಟ್ಟೆ ಒಣಹಾಕಿ ಒಳಗೆ ಬರುತ್ತೇನೆ: ಕುರ್ಚಿಯ ಮೇಲೆ ಸ್ಟೂಲು, ಸ್ಟೂಲಿನ ಮೇಲೆ ಧನ್ಯಾ, ಧನ್ಯಾಳ ಕೈಯಲ್ಲಿ ಡಬ್ಬಿ. ಒಂದು ಕೈಯಲ್ಲಿ ಅವಳ ಲಂಗ, ಇನ್ನೊಂದರಲ್ಲಿ ಡಬ್ಬಿಯ ಮುಚ್ಚಳ ಅದುಮಿ ಹಿಡಿದು ಏದುಸಿರು ಬಿಡುತ್ತಿರುವವರು ಅತ್ತೆ.

"ತಿನ್ನಬಹುದಮ್ಮಾ! ಡೇಟ್ ಮುಗಿದಿಲ್ಲ. ನಾಳೆದು ಇದೆ, ಕ್ಯಾಲೆಂಡರಲ್ಲಿ ನೋಡ್ದೆ!"

ಮಗಳು ಅಂಕಿಗಳನ್ನು ಒಂದೂ ತಪ್ಪದೆ ಓದಿ ತೋರಿಸಿದಳು. ಅಕ್ಷರ ಅವಳಿಗಿನ್ನೂ ಬಾರದು. ಬಂದಿದ್ದರೂ ಏನು? ಡಬ್ಬಿಯ ಸುತ್ತ ಬೆಣ್ಣೆ ಬಿಸ್ಕತ್ತಿನ ಚಿತ್ರ.

ನಾನು ಮಗಳನ್ನು ಕೆಳಗಿಳಿಸಿದೆ. ಅತ್ತೆ ಬೈಯಲಿಲ್ಲ. (ಬೈದಿದ್ದರೆ ಎಷ್ಟೋ ಸುಖವಿತ್ತು.) ಡಬ್ಬಿಯನ್ನು ಟ್ರಂಕಿನೊಳಗಿಟ್ಟು, ಬೀಗ ಹಾಕಿ, ಎರಡು ಸಲ ಜಗ್ಗಿ ನೋಡಿದರು. ಆಮೇಲೆ ಕೀಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾ ಮೆಲ್ಲಗೆ ಅಂದರು:

"ನನಗೊಂದು ಉಪಕಾರ ಮಾಡವ್ವ. ನನ್ನ ಡೇಟ್ ಮುಗಿಯಾ ಗಂಟ ಈ ಕೀ ಕೇಳಬ್ಯಾಡ."