ಜೇನಿನ ಮುಂದೆ ಜಗಳವಾಡಬಾರದು

ಮಗು ಯಾಫೆತ್ ಅಂಬೆಗಾಲಿಡಲು ಶುರುಮಾಡಿದ ದಿನದಿಂದ ಫೆವೆನ್‌ಗೆ ಒಂದೇ ಚಿಂತೆ. ಇವನು ಇಂದಲ್ಲ ನಾಳೆ ಒಂದು ಜೇನುಹುಳವನ್ನು ಹಿಡಿದು ಬಾಯಿಗೆ ಹಾಕಿಕೊಳ್ಳುತ್ತಾನೆ. ಚಪ್ಪಲಿ, ಇದ್ದಿಲು, ಅಜ್ಜಿಯ ಕೊರಳಿನ ಶಿಲುಬೆ, ಎಲ್ಲದರ ರುಚಿ ನೋಡಿಯಾಗಿತ್ತು. ಉಳಿದದ್ದು ಅದೊಂದೇ.

ಹುಳ ಎಲ್ಲಿಂದ ಬರಬೇಕು ಎನ್ನುತ್ತೀರಾ? ನಡುಮನೆಯಿಂದಲೇ. ಅಡಿಸ್ ಅಬಾಬದಲ್ಲಿ ಓದಿ ಬೆಳೆದ ಫೆವೆನ್ ಮದುವೆಯಾಗಿ ಬಂದದ್ದು ತಿಗ್ರಾಯ್ ಬೆಟ್ಟದ ಕಲ್ಲುಮನೆಗೆ. ಅಲ್ಲಿ ಗೋಡೆಯೊಳಗೇ ಜೇನುಗೂಡು. ಸಗಣಿ ಮೆತ್ತಿದ ಎರಡು ಉದ್ದನೆಯ ಕೊಳವೆಗಳು. ಪ್ರತಿ ಕೊಳವೆಯ ಒಂದು ಬಾಯಿ ಓಣಿಗೆ, ಹುಳಗಳ ಓಡಾಟಕ್ಕೆ. ಇನ್ನೊಂದು ನಡುಮನೆಗೆ, ಜೇನು ತೆಗೆಯುವುದಕ್ಕೆ. ಒಂದು ಗೂಡಿನಲ್ಲಿ ತುಂಬಿದ ಸಂಸಾರ. ಇನ್ನೊಂದು ಖಾಲಿ, ಮುಚ್ಚಳವೂ ಒಡೆದಿತ್ತು. ತುಂಬಿದ ಗೂಡಿನ ಸಂದಿಯಿಂದ ನಾಲ್ಕೈದು ಹುಳ ದಿನಾ ಒಳಗೆ ಬರುತ್ತಿದ್ದವು. (ಅತ್ತೆ ಅವನ್ನು ‘ದಾರಿ ತಪ್ಪಿದ ಮಕ್ಕಳು’ ಎನ್ನುತ್ತಿದ್ದರು. ಫೆವೆನ್ ಎನ್ನುತ್ತಿದ್ದುದನ್ನು ಬರೆಯುವಂತಿಲ್ಲ.)

ಗೂಡನ್ನು ಹೊರಗೆ ಸಾಗಿಸಿ ಎಂದು ಜಗಳ ತೆಗೆಯೋಣವೆಂದರೆ ಅದಕ್ಕೂ ಕಲ್ಲು. ಜೇನಿನ ಮುಂದೆ ಜಗಳವಾಡಿದರೆ ಹುಳಗಳು ಮನೆಬಿಟ್ಟು ಹೋಗುತ್ತವೆ ಎಂಬುದು ಅತ್ತೆ ಅಬ್ರೆಹೆತ್ ಅವರ ಸಂವಿಧಾನದ ಮೊದಲ ವಿಧಿ. ಹಾಗಾಗಿ ಆ ಮನೆಯ ಮಹಾಯುದ್ಧಗಳೆಲ್ಲ ಜೋಗುಳದ ದನಿಯಲ್ಲಿ ನಡೆಯುತ್ತಿದ್ದವು.

“ನಿಮ್ಮ ಮಗನಿಗೆ ಮಗೂಗಿಂತ ಹುಳಾನೇ ಹೆಚ್ಚು, ಅತ್ತೆ,” ನಗುನಗುತ್ತ ಫೆವೆನ್.

“ಹುಳ ಜೇನಾದ್ರೂ ಕೊಡತ್ತಮ್ಮ. ನೀನು ಮುಖ ಊದಿಸ್ಕೊಂಡು ಏನು ಕೊಟ್ಟೆ?” ನಗುನಗುತ್ತ ಅತ್ತೆ.

“ಮೆಲ್ಲಗೆ, ಮೆಲ್ಲಗೆ,” ಎಂದು ಪಿಸುಗುಟ್ಟುವವನು ಗಂಡ ತೆಕ್ಲಾಯ್. ಊರೂರು ತಿರುಗಿ ‘ಜೇನು ಉಳಿಸಿ’ ಎಂದು ಮೈಕಿನಲ್ಲಿ ಗರ್ಜಿಸುವುದೇ ಅವನ ಉದ್ಯೋಗ. ಮನೆಗೆ ಬಂದರೆ ಬೆಕ್ಕಿನಮರಿ.

ಒಂದು ದಿನ ಫೆವೆನ್‌ಗೆ ಜ್ಞಾನೋದಯವಾಯಿತು. ಜಗಳಕ್ಕೆ ಹುಳ ಓಡುತ್ತವೆ ಎಂದಮೇಲೆ ಜಗಳವಾಡಿದರಾಯಿತು. ಮಧ್ಯಾಹ್ನ ಅತ್ತೆ ನೆರೆಯವರೊಂದಿಗೆ ಕಾಫಿಗೆ ಹೊರಟೊಡನೆ ಗೂಡಿನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು. ಮೊದಮೊದಲು ಬೈಗುಳ ಬಾರದೆ ತೊದಲಿದಳು. ವಾರದೊಳಗೆ ನಾಲಿಗೆ ಪಳಗಿತು. ಗಂಡನ ಗೊರಕೆ, ಅತ್ತೆಯ ಸಾರಿನ ಖಾರ, ಎಲ್ಲಕ್ಕೂ ಸಹಸ್ರನಾಮಾರ್ಚನೆ. ಮನೆಯವರು ಮುಗಿದ ಮೇಲೆ ಓಣಿಯವರನ್ನೂ ಒಬ್ಬೊಬ್ಬರಾಗಿ ಎತ್ತಿಕೊಂಡಳು. ಬೈದಷ್ಟೂ ಮೈ ಹಗುರಾಗಿ, ಊಟ ರುಚಿಸತೊಡಗಿತು.

ಒಂದು ಬೆಳಿಗ್ಗೆ ಹುಳಗಳ ಇಡೀ ಸಂಸಾರ ಹೊಗೆಯಂತೆ ಎದ್ದು ಹೊರಟೇಬಿಟ್ಟಿತು. ಫೆವೆನ್ ಗೆದ್ದಳು. ಗೆಲುವು ಯಾಫೆತ್‌ನ ನಿದ್ದೆಯ ಹೊತ್ತಿನವರೆಗೆ ಮಾತ್ರ ಬಾಳಿತು. ಹುಟ್ಟಿದಂದಿನಿಂದ ಆ ಗುಂಯ್ ಸದ್ದಿಗೇ ಮಲಗುತ್ತಿದ್ದ ಮಗು ಮೌನ ಕೇಳಿ ಕಿಟಾರನೆ ಕಿರುಚಿತು. ತೊಟ್ಟಿಲು ತೂಗಿದರೂ ಇಲ್ಲ, ಫೆವೆನ್ ತಾನೇ ಗುಂಯ್‌ಗುಟ್ಟಿದರೂ ಇಲ್ಲ.

ಅತ್ತೆ ಬಾಗಿಲಲ್ಲಿ ನಿಂತು ಕಣಿವೆಯಾಚೆ ಕೈ ತೋರಿಸಿದರು. “ನಮ್ಮ ಓಣಿ ಮುದುಕ ಗಿದೈ ಹೊಲದ ಜಾಲಿಮರದಲ್ಲಿ ಕೂತಿವೆ. ಸಂಜೆ ಬುಟ್ಟೀಲಿ ಇಳಿಸ್ಕೊಂಡು ಬರಬಹುದು. ಆದ್ರೆ ನೋಡು, ಅವನು ಈರುಳ್ಳಿಗೆ ಔಷಧಿ ಹೊಡೆಯೋಕೆ ಪಂಪು ಹೊತ್ತಿದಾನೆ. ಹೊಡೆದ ಅಂದ್ರೆ ಒಂದು ಹುಳಾನೂ ಉಳಿಯಲ್ಲ.”

ಫೆವೆನ್ ಫೋನನ್ನು ಅತ್ತೆಯ ಮುಂದೆ ಚಾಚಿದಳು. “ನೀವೇ ಫೋನ್ ಮಾಡಿ ಅತ್ತೆ.”

“ನೀನೇ ಮಾಡಮ್ಮ. ನಿನ್ನ ಮಾತು ಅಂದ್ರೆ ಅವನಿಗೆ ಇಷ್ಟ.”

ಗಿದೈ ಜತೆ ಅವಳು ಒಂದು ದಿನವೂ ಮಾತಾಡಿದವಳಲ್ಲ. ಆದರೂ ಫೋನ್ ಒತ್ತಿದಳು. “ಗಿದೈ ಅಪ್ಪಾ, ನಾನು ಅಬ್ರೆಹೆತ್ ಅವರ ಸೊಸೆ. ನಮ್ಮ ಜೇನು ನಿಮ್ಮ ಮರದಲ್ಲಿದೆ. ದಯವಿಟ್ಟು ಇವತ್ತು ಔಷಧಿ ಹೊಡೀಬೇಡಿ.”

“ಯಾರಮ್ಮ ನೀನು? ಆ ಸೊಸೆ ದನಿ ನನಗೆ ಗೊತ್ತಿಲ್ವಾ? ಇದು ಯಾರೋ ಮರ್ಯಾದಸ್ಥರ ದನಿ.”

“ನಾನೇ ಅಪ್ಪಾ.”

“ಖಾಲಿ ಗೂಡಿಂದ ದಿನಾ ಮಧ್ಯಾಹ್ನ ಓಣಿಗೆ ಬರತ್ತಲ್ಲ, ಅದು ದನಿ. ಗೋಡೆ ಆಚೆ ನೆರಳಲ್ಲಿ ಕಾಫಿ ಇಟ್ಕೊಂಡು ಓಣಿಯವರೆಲ್ಲ ಕೇಳ್ತೀವಿ. ನಿಲ್ಲಿಸೋಣ ಅಂದ್ರೆ ನಿಮ್ಮತ್ತೆ ಬಿಡ್ಲಿಲ್ಲ. ‘ಮಗು ಹೆತ್ತವಳು, ಬೈದು ಹಗುರಾಗ್ಲಿ, ಜೇನು ಹೋದ್ರೂ ಸರಿ, ಸೊಸೆ ಹೋಗದಿದ್ರೆ ಸಾಕು’ ಅಂದ್ಳು. ನೀನು ಅವಳೇ ಆದ್ರೆ ನನ್ನನ್ನ ಒಂದು ಸಲ ಬೈದು ತೋರ್ಸು. ಗುರುತು ಸಿಕ್ಕಿದ್ರೆ ಪಂಪು ಇಳಿಸ್ತೀನಿ.”

ಫೆವೆನ್ ಕೆಂಪಾಗಿ ಅತ್ತೆಯ ಕಡೆ ನೋಡಿದಳು. ಅತ್ತೆ ಮಗುವಿನ ಮೂಗು ಒರೆಸುತ್ತ, “ಜೋರಾಗೇ ಹೇಳಮ್ಮ, ಕೇಳೋಕೆ ಹುಳ ಇಲ್ಲ,” ಎಂದರು.

ಅವಳು ಕಣ್ಣು ಮುಚ್ಚಿಕೊಂಡಳು. “ನಿನ್ನ ಈರುಳ್ಳಿಗೆ ಎಷ್ಟು ಸಿಪ್ಪೆಯೋ ಅಷ್ಟು ಸುಳ್ಳು ಹೇಳೋ ಒಣಕಲು ಮುದುಕ, ಇಳಿಸೋ ಪಂಪು ಕೆಳಗೆ.”

ಫೋನಿನಾಚೆ ಕಲ್ಲಿನ ಮೇಲೆ ಪಂಪು ಠಣ್ಣೆಂದಿತು.

“ನೀನೇ ಕಣಮ್ಮ,” ಎಂದರು ಗಿದೈ, ಸಮಾಧಾನದಿಂದ.