ಕಾವಲಿಯೆದುರಿನ ಮಾನಿಟರ್

ಮುಂಬೈ ಸಾಂತಾಕ್ರೂಜಿನ ನಮ್ಮ ಬಿಲ್ಡಿಂಗಿನ ಕೆಳಗಿರುವ ಉಡುಪಿ ಹೋಟೆಲಿನಲ್ಲಿ, ಅಡುಗೆಮನೆಯ ಮಾನಿಟರನ್ನು ಕೆಡಿಸುತ್ತಿದ್ದವನು ಆರ್ಡರ್ ಕೂಗುವವನೇ ಎಂದು ಎಲ್ಲರೂ ನಂಬಿದ್ದರು.

ಇಪ್ಪತ್ತೆರಡು ವರ್ಷ ಅವನ ಕೆಲಸ ಒಂದೇ: ಅಡುಗೆಮನೆಯ ಕಿಂಡಿಯಲ್ಲಿ ನಿಂತು "ಎರಡು ಮಸಾಲಾ, ಒಂದು ಸಾದಾ, ಕಡಕ್!" ಎಂದು ಕೂಗುವುದು. ವಿಜಯಪುರದ ಕಡೆಯವನು, ಸ್ಟೇಷನ್ನಿಗೂ ಕೇಳುವ ಗಂಟಲು. ಈ ವರ್ಷ ಮಾಲೀಕರು ಗಲ್ಲಾದ ಕಂಪ್ಯೂಟರಿನಿಂದ ವೈರ್ ಎಳೆದು ದೋಸೆ ಕಾವಲಿಯೆದುರು ಮಾನಿಟರ್ ತೂಗುಹಾಕಿದರು. ಆರ್ಡರ್ ಪರದೆಯ ಮೇಲೆ ಬರತೊಡಗಿತು. ಕೂಗುವವನ ಕೈಗೆ ಟೇಬಲ್ ಒರೆಸುವ ಬಟ್ಟೆ ಬಂತು.

ಆದರೆ ಆಗಾಗ ಪರದೆ ಕಪ್ಪಾಗಿ 'ನೋ ಸಿಗ್ನಲ್' ಎನ್ನುತ್ತಿತ್ತು. ಅವನು ಬಟ್ಟೆ ಎಸೆದು ಕಿಂಡಿಗೆ ಓಡಿ, ಮೊದಲಿಗಿಂತ ಜೋರಾಗಿ ಕೂಗುತ್ತಿದ್ದ. ಅವನ ಖುಷಿಯೇ ಸಾಕ್ಷಿಯಾಯಿತು. ಮಾಲೀಕರು ಹೇಳಿಬಿಟ್ಟರು: "ಇದರಲ್ಲಿ ಇವನ ಕೈ ಉಂಟು ಅಂತ ಗೊತ್ತಾದ ದಿನ ಇವ ಮುಲುಂಡ್ ಬ್ರಾಂಚಿಗೆ, ಪಾತ್ರೆ ತೊಳೀಲಿಕ್ಕೆ."

ನಾನು ಎರಡನೇ ಮಹಡಿಯವನು. ಫಿಸಿಕ್ಸ್ ಎಂ.ಎಸ್ಸಿ. ಎಂದು ಬಾಯಿ ತಪ್ಪಿ ಹೇಳಿದ ದಿನದಿಂದ ಆ ಹೋಟೆಲಿನಲ್ಲಿ ಏನು ಕೆಟ್ಟರೂ ನನ್ನ ಇಡ್ಲಿ ತಣ್ಣಗಾಗುತ್ತದೆ.

ಹಬೆ

ಮೊದಲ ಸಲ ಭಟ್ಟರು, ಅಂದರೆ ಮುಖ್ಯ ಅಡುಗೆಯವರು, ಕಾರಣ ಕಂಡುಹಿಡಿದರು. "ಇಡ್ಲಿ ಹಬೆ ಒಳಗೆ ಹೋಗಿದೆ ಮಾರಾಯ್ರೆ."

ಮಾನಿಟರನ್ನು ಕಳಚಿ ಒರೆಸಿ, ಪ್ಲಾಸ್ಟಿಕ್ ಹೊದಿಸಿ, ಮತ್ತೆ ತೂಗುಹಾಕಿದರು. ಚಿತ್ರ ಬಂತು. ಭಟ್ಟರು ನನ್ನ ಕಡೆ ನೋಡಿದರು. ಎಂ.ಎಸ್ಸಿ. ಇಲ್ಲದೆಯೂ ಆಗುತ್ತದೆ ಎಂಬ ನೋಟ.

ವಾರ ಕಳೆದು ಪ್ಲಾಸ್ಟಿಕ್ಕಿನ ಒಳಗಿನಿಂದಲೇ 'ನೋ ಸಿಗ್ನಲ್' ಸ್ಪಷ್ಟವಾಗಿ ಓದಲು ಬಂತು.

ವೈರ್

ಈ ಸಲ ನನ್ನ ಸರದಿ. ನಾನು ವೈಜ್ಞಾನಿಕ ಕ್ರಮದಲ್ಲಿ ನಡೆದೆ: ಪ್ಲಾಸ್ಟಿಕ್ ತೆಗೆದೆ, ಹಳೆ ವೈರ್ ಕಿತ್ತೆ, ಹೊಸದು ಹಾಕಿದೆ, ಚಿತ್ರ ಬಂತು. "ವೈರ್ ಸವೆದಿತ್ತು" ಎಂದೆ. ಸವೆದದ್ದು ನನಗೆ ಕಂಡಿರಲಿಲ್ಲ. ಆದರೆ ಹಾಗೆ ಹೇಳುವುದು ವಾಡಿಕೆ.

ಭಟ್ಟರು ಮೆಲ್ಲಗೆ ಕೇಳಿದರು: "ಎರಡು ಸಲವೂ ಶುಕ್ರವಾರವೇ ಅಲ್ವಾ?"

"ಭಟ್ಟರೇ, ಮಾನಿಟರಿಗೆ ವಾರ ಗೊತ್ತಿರುವುದಿಲ್ಲ."

ಮುಂದಿನ ಶುಕ್ರವಾರ ಅದಕ್ಕೆ ಗೊತ್ತಿತ್ತು. ನನ್ನ ಇಡ್ಲಿಯ ಜೊತೆ ಭಟ್ಟರು ಹಳೆ ವೈರನ್ನು ಸುತ್ತಿ ತಟ್ಟೆಯಲ್ಲೇ ಕಳಿಸಿದರು.

ನಿಂಬೆಹಣ್ಣು

ಅದೇ ದಿನ ದೃಷ್ಟಿ ತಾಗಿದೆ ಎಂದು ತೀರ್ಮಾನವಾಯಿತು. ನಿಂಬೆಹಣ್ಣು, ಏಳು ಮೆಣಸಿನಕಾಯಿ ತರಿಸಿದರು. ಕಟ್ಟುವಾಗ ಶಾಕ್ ಹೊಡೆದೀತೆಂದು ಪ್ಲಗ್ ಕಿತ್ತರು. ಕಟ್ಟಿದ ಮೇಲೆ ಮತ್ತೆ ಹಾಕಿದರು. ಚಿತ್ರ ಬಂತು. ಶ್ರೇಯಸ್ಸೆಲ್ಲ ನಿಂಬೆಹಣ್ಣಿಗೆ ಹೋಯಿತು.

"ಪ್ಲಗ್ ಕಿತ್ತು ಹಾಕಿದ್ದರಿಂದ ಬಂದದ್ದು" ಎಂದೆ.

"ಆಯ್ತು ಸಾರ್," ಎಂದರು ಮಾಲೀಕರು. "ಮತ್ತೆ ಹೋಗುವುದು ಯಾಕೆ? ಅದನ್ನು ಹೇಳಿ."

ನಾನು ವೈರಿನ ತುದಿಯನ್ನು ಮತ್ತೊಮ್ಮೆ ತಿರುಗಿಸಿ ನೋಡಿದೆ. ಉತ್ತರ ಅವರಲ್ಲೇ ಇತ್ತು. ಕಿಂಡಿಯ ಹತ್ತಿರ ಟೇಬಲ್ ಒರೆಸುತ್ತಿದ್ದವನ ಕಡೆ ಗದ್ದದಿಂದಲೇ ತೋರಿಸಿದರು. "ಬರುವ ಶುಕ್ರವಾರ ಹೋಯಿತೋ, ಇವನೂ ಹೋದ."

ಮಧ್ಯಾಹ್ನ ಅವನು ನನ್ನನ್ನು ಮೆಟ್ಟಿಲ ಮೇಲೆ ತಡೆದ. "ಸರ, ನಾ ಮುಟ್ಟಿಲ್ಲರೀ. ಹ್ವಾದಾಗ ಸಂತೋಷ ಆಕ್ಕೈತಿ, ಅದು ಖರೆ. ಸಂತೋಷಕ್ಕೂ ಮುಲುಂಡೇನ್ರೀ?"

ಶುಕ್ರವಾರ

ನಾನು ಸಾಮಾನ್ಯವಾಗಿ ಎಂಟಕ್ಕೆ ಇಳಿಯುತ್ತೇನೆ. ಅಷ್ಟರಲ್ಲಿ ಕೆಡಬೇಕಾದದ್ದು ಕೆಟ್ಟಿರುತ್ತದೆ. ಆ ದಿನ ಬಾಗಿಲು ತೆರೆಯುವಾಗಲೇ ಹೋದೆ. ಕೂಗುವವನನ್ನು ನನ್ನ ಟೇಬಲಿಗೆ ಕರೆದು ಎದುರಿಗೆ ಕೂರಿಸಿದೆ. "ಎರಡೂ ಕೈ ಮೇಜಿನ ಮೇಲಿಡು. ತೆಗೆಯಬೇಡ."

"ಚಾ ಹ್ಯಾಂಗ ಕುಡೀಲಿರೀ?"

"ಕುಡಿಯಬೇಡ."

ಮಾನಿಟರ್ ಬೆಳಗುತ್ತಿತ್ತು. ಮೊದಲ ಆರ್ಡರ್ ಬಂತು: ಎರಡು ಮಸಾಲಾ. ಭಟ್ಟರು ಹಿಟ್ಟು ಸುರಿದರು.

ಮಾಲೀಕರು ಸ್ನಾನ ಮಾಡಿ, ಒದ್ದೆ ಕೂದಲಲ್ಲಿ, ಕುಂಕುಮದ ಬಟ್ಟಲು ಹಿಡಿದು ಬಂದರು. ಶುಕ್ರವಾರದ ಪೂಜೆ. ಹೊಸ್ತಿಲಿಗೆ ಒಂದು ಬೊಟ್ಟು, ಗಲ್ಲಾಕ್ಕೆ ಒಂದು, ಗ್ರೈಂಡರಿಗೆ ಒಂದು. ಕೊನೆಗೆ ಮಾನಿಟರ್. ಗಾಜಿಗೆ ಹಚ್ಚಿದರೆ ಅಕ್ಷರ ಮುಚ್ಚುತ್ತದೆಂದು ಕೆಳಗಿನ ಚೌಕಟ್ಟಿನ ನಡುವೆ, ಹಳೆಯ ಬೊಟ್ಟಿನ ಮೇಲೆಯೇ, ಕಣ್ಣು ಮುಚ್ಚಿ, ಬೆರಳನ್ನು ಭಕ್ತಿಯಿಂದ ಒತ್ತಿದರು.

ಪರದೆ ಕಪ್ಪಾಯಿತು. ನೋ ಸಿಗ್ನಲ್.

ಮಾಲೀಕರು ಕಣ್ಣು ತೆರೆದರು. ತಟ್ಟನೆ ತಿರುಗಿ, ಅದೇ ಕೆಂಪು ಬೆರಳನ್ನು ಮೇಜಿನ ಮೇಲೆ ಕೈಯಿಟ್ಟು ಕುಳಿತವನ ಕಡೆ ಚಾಚಿದರು. "ನೋಡಿದ್ರಾ ಸಾರ್! ಕೂತಲ್ಲಿಂದಲೇ ಮಾಡಿದ!"

ನಾನು ಎದ್ದು ಹೋಗಿ ಕರವಸ್ತ್ರದಿಂದ ಆ ಕುಂಕುಮ ಒರೆಸಿದೆ. ಅದರ ಕೆಳಗೆ, ಚಿತ್ರ ಯಾವ ವೈರಿನಿಂದ ಬರಬೇಕೆಂದು ಬದಲಿಸುವ ಗುಂಡಿ ಇತ್ತು.